ಟೊಮೆಟೊ ಒಣಗಿದೆಯಾ? ಕೈಗಿಂತ ತಕ್ಕಡಿಯನ್ನ ನಂಬಿ

ಇವತ್ತಿನ ಎಪಿಸೋಡ್ ಅಡುಗೆಮನೆಯದ್ದು. ಆದ್ರೆ ಓದಿದ್ದು ಬಿ.ಕಾಂ. ಆಗಿರೋದ್ರಿಂದ ಇಲ್ಲೂ ಸ್ವಲ್ಪ ಲೆಕ್ಕ ಇರುತ್ತೆ, ಸಹಿಸ್ಕೊಳ್ಳಿ.

2023ರ ಜುಲೈ ನೆನಪಿದೆಯಲ್ವಾ? ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಅದೇ ಟೊಮೆಟೊ ಬೆಲೆ ಬಿದ್ದಾಗ ಕೋಲಾರದ ಕಡೆ ರೈತರು ರಸ್ತೆ ಬದಿ ಸುರಿದು ಹೋಗೋದನ್ನೂ ನೋಡಿದ್ದೀವಿ. ಹಾಗಾದ್ರೆ ಅಗ್ಗ ಇದ್ದಾಗ ತಂದು, ಒಣಗಿಸಿ, ಡಬ್ಬಿಗೆ ಹಾಕಿಟ್ರೆ ಆಯ್ತಲ್ಲ? ಆಗುತ್ತೆ. ಆದ್ರೆ 'ಒಣಗಿದೆ' ಅನ್ನೋದು ಬೇರೆ, 'ಕೆಡದಷ್ಟು ಒಣಗಿದೆ' ಅನ್ನೋದು ಬೇರೆ. ಡಬ್ಬಿಯಲ್ಲಿ ಬೂಷ್ಟು ಹಿಡಿಯೋದು ಈ ಎರಡರ ನಡುವಿನ ಅಂತರದಲ್ಲೇ.

ಒಣಗಿಸಿದ್ರೆ ಯಾಕೆ ಕೆಡಲ್ಲ?

ಪದಾರ್ಥ ಕೆಡಿಸೋ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಅದೂ ಎಲ್ಲಾ ನೀರಲ್ಲ, ಅವುಗಳ ಕೈಗೆ ಸಿಗೋ ನೀರು. ಇದನ್ನ ವಿಜ್ಞಾನಿಗಳು ವಾಟರ್ ಆಕ್ಟಿವಿಟಿ ಅಂತ ಅಳೀತಾರೆ. ಶುದ್ಧ ನೀರಿಗೆ 1. ಇದು 0.85ಕ್ಕಿಂತ ಕೆಳಗೆ ಇಳಿದ್ರೆ ರೋಗ ತರೋ ಬ್ಯಾಕ್ಟೀರಿಯಾ ಬೆಳೆಯಲ್ಲ. ಬೂಷ್ಟು ಮಾತ್ರ ಹಠಮಾರಿ, ಕೆಲವು ಜಾತಿಗಳು 0.6ರ ಹತ್ತಿರದವರೆಗೂ ಬೆಳೀತವೆ.

ಬಾಳಕದ ಮೆಣಸಿನಕಾಯಿಗೆ ಉಪ್ಪು, ಮಜ್ಜಿಗೆ ಹಾಕೋದು ರುಚಿಗೆ ಮಾತ್ರ ಅಲ್ಲ. ಉಪ್ಪು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ, ಮಜ್ಜಿಗೆಯ ಹುಳಿಯೂ ಸೇರಿ ಸೂಕ್ಷ್ಮಜೀವಿಗಳಿಗೆ ಕಷ್ಟ ಆಗುತ್ತೆ. ನಮ್ಮ ಅಜ್ಜಿಯಂದಿರು ಈ ಹೆಸರು ಕೇಳದೇನೇ ಇದನ್ನ ಮಾಡ್ತಿದ್ರು.

ಒಂದು ವಿಷಯ ಗಮನಿಸಿ. ಒಣಗಿಸೋದ್ರಿಂದ ಬ್ಯಾಕ್ಟೀರಿಯಾ ಎಲ್ಲಾ ಸಾಯಲ್ಲ, ನಿದ್ದೆಗೆ ಹೋಗುತ್ತೆ ಅಷ್ಟೇ. ನೀರು ಸಿಕ್ಕ ತಕ್ಷಣ ಎಚ್ಚರ. ಅದಕ್ಕೇ ಒಣ ತರಕಾರಿ ನೆನೆಸಿದ ಮೇಲೆ ಗಂಟೆಗಟ್ಟಲೆ ಹೊರಗಿಡದೆ ಬೇಯಿಸಿಬಿಡಿ.

ಈಗ ಲೆಕ್ಕ

ಟೊಮೆಟೊದಲ್ಲಿ ಶೇ. 94ರಷ್ಟು ನೀರು. ಅಂದ್ರೆ 1 ಕೆಜಿ ಹಣ್ಣಲ್ಲಿ ಗಟ್ಟಿ ಅಂಶ ಬರೀ 60 ಗ್ರಾಂ. ತರಕಾರಿಯನ್ನ ಶೇ. 10 ತೇವಾಂಶಕ್ಕೆ ಇಳಿಸಬೇಕು. 60ನ್ನ 0.9ರಿಂದ ಭಾಗಿಸಿ, 67 ಗ್ರಾಂ ಬರುತ್ತೆ. ಅದೇ ನಿಮ್ಮ ಗುರಿ.

ತಟ್ಟೆಯಲ್ಲಿ ಇನ್ನೂ 100 ಗ್ರಾಂ ಇದೆ ಅಂತಿಟ್ಕೊಳ್ಳಿ. ಮುಟ್ಟಿದ್ರೆ ಒಣಗಿದ ಹಾಗೇ ಇರುತ್ತೆ, ಚರ್ಮದ ಥರ ಬಾಗುತ್ತೆ. ಆದ್ರೆ ಅದ್ರಲ್ಲಿ 40 ಗ್ರಾಂ ನೀರೇ! ಶೇ. 40 ತೇವಾಂಶ ಇರೋದನ್ನ ಮುಚ್ಚಳ ಹಾಕಿ ಇಟ್ರೆ ಬೂಷ್ಟಿಗೆ ಆಹ್ವಾನ ಕೊಟ್ಟ ಹಾಗೆ. ಅದಕ್ಕೇ ಹೇಳಿದ್ದು, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು: ಹೆಚ್ಚಿದ ಮೇಲೆ, ಒಣಗಿಸೋ ಮುಂಚೆ ಒಂದು ಸಲ ತೂಕ, ಕೊನೆಗೆ ಇನ್ನೊಂದು ಸಲ. ಹಣ್ಣಿಂದ ಹಣ್ಣಿಗೆ ನೀರು ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಹಾಗಾಗಿ ತೂಕದ ಜೊತೆ ಮುರಿದೂ ನೋಡಿ. ತಣ್ಣಗಾದ ಮೇಲೆ ಪಟ್ ಅಂತ ಮುರೀಬೇಕು. ಬಿಸಿ ಇರುವಾಗ ಮೆತ್ತಗೇ ಅನ್ನಿಸುತ್ತೆ.

ಬಾಳೆಹಣ್ಣಿನಂಥ ಸಿಹಿ ಹಣ್ಣಿಗೆ ಶೇ. 20 ಸಾಕು, ಸಕ್ಕರೆಯೂ ಉಪ್ಪಿನ ಹಾಗೆ ನೀರು ಹಿಡಿಯುತ್ತೆ. ಸುಲಿದ 1 ಕೆಜಿ ಬಾಳೆಹಣ್ಣು ಸುಮಾರು 310 ಗ್ರಾಂಗೆ ಇಳೀಬೇಕು. ಉಪ್ಪು ಹಾಕಿದ್ರೆ ಉಪ್ಪಿನ ತೂಕವನ್ನೂ ಗಟ್ಟಿ ಅಂಶಕ್ಕೆ ಕೂಡಿಸಿ. ಮೀನು, ಮಾಂಸಕ್ಕೆ ಈ ಲೆಕ್ಕ ಹಾಕಬೇಡಿ, ಅದರ ನಿಯಮ ಬೇರೆ.

ಬಿಸಿಲೋ, ಮಷಿನ್ನೋ?

ಬಿಸಿಲಲ್ಲಿ ಒಣಗಿಸೋಕೆ ಕನಿಷ್ಠ 30 ಡಿಗ್ರಿ ಬಿಸಿ ಬೇಕು, ಗಾಳಿಯಲ್ಲಿ ತೇವ ಶೇ. 60ಕ್ಕಿಂತ ಕಡಿಮೆ ಇರಬೇಕು. ಬೇಸಿಗೆಯ ವಿಜಯಪುರ, ಕಲಬುರಗಿ ಮಹಡಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಂಗಳೂರಲ್ಲಿ ಸೆಕೆ ಎಷ್ಟಿದ್ರೂ ಗಾಳಿಯಲ್ಲೇ ನೀರು ತುಂಬಿರುತ್ತೆ. ಕರಾವಳಿ, ಮಲೆನಾಡಲ್ಲಿ ಹಲಸಿನ ಹಪ್ಪಳದ ಕೆಲಸ ಮಳೆಗೆ ಮುಂಚೆ ಮುಗಿಸೋಕೆ ಅವಸರ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಬಿಸಿಲಿಗೆ ಇಟ್ರೆ ತೆಳು ಬಟ್ಟೆ ಮುಚ್ಚಿ, ಸಂಜೆ ಇಬ್ಬನಿ ಬೀಳೋ ಮುಂಚೆ ಒಳಗೆ ತನ್ನಿ.

ಡಿಹೈಡ್ರೇಟರ್ ಆದ್ರೆ 55ರಿಂದ 60 ಡಿಗ್ರಿ. ಬೇಗ ಆಗ್ಲಿ ಅಂತ ಶುರುವಲ್ಲೇ ಜಾಸ್ತಿ ಶಾಖ ಕೊಡಬೇಡಿ. ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಬೀನ್ಸ್, ಕ್ಯಾರೆಟ್ ಒಣಗಿಸೋದಾದ್ರೆ ಮೊದಲು ಎರಡು ಮೂರು ನಿಮಿಷ ಕುದಿಯೋ ನೀರಲ್ಲಿ ಹಾಕಿ ತೆಗೀರಿ, ಬಣ್ಣ ರುಚಿ ಉಳಿಯುತ್ತೆ.

ಖರ್ಚು? 500 ವ್ಯಾಟ್ ಮಷಿನ್ 12 ಗಂಟೆ ಓಡಿದ್ರೆ 6 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದ್ರೆ 36 ರೂಪಾಯಿ. ಕೆಜಿಗೆ 10 ರೂಪಾಯಿಯ 3 ಕೆಜಿ ಟೊಮೆಟೊಗೆ 30. ಒಟ್ಟು 66, ಅಂದ್ರೆ ಹಸಿ ಟೊಮೆಟೊ ಲೆಕ್ಕದಲ್ಲಿ ಕೆಜಿಗೆ 22 ರೂಪಾಯಿ ಬಿತ್ತು. ಇದ್ರಲ್ಲಿ ಮಷಿನ್ ಬೆಲೆ ಸೇರಿಲ್ಲ. ಮಾರ್ಕೆಟ್ಟಲ್ಲಿ 25 ಇದ್ರೆ ಒಣಗಿಸೋದು ದಂಡ. 80 ಆಗೋ ಕಾಲಕ್ಕೆ ಇಟ್ಕೊಂಡ್ರೆ ಲಾಭ. ಬಿಸಿಲಿಗೆ ಬಿಲ್ ಇಲ್ಲ, ಬಿಡಿ.

ಡಬ್ಬಿಗೆ ಹಾಕಿದ ಮೇಲೆ

ಪೂರ್ತಿ ತಣ್ಣಗಾಗಲಿ. ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ, ಒಂದು ವಾರ ದಿನಾ ಅಲ್ಲಾಡಿಸಿ. ಗಾಜಿನ ಒಳಗೆ ಹನಿ ಕಂಡ್ರೆ, ಚೂರುಗಳು ಅಂಟಿಕೊಂಡ್ರೆ ಇನ್ನೂ ನೀರಿದೆ ಅಂತ ಅರ್ಥ, ಮತ್ತೆ ಒಣಗಿಸಿ. ಆಮೇಲೆ ಬೆಳಕು, ಬಿಸಿ ತಾಗದ ಕಡೆ ಸಣ್ಣ ಸಣ್ಣ ಬಾಟಲಿಗಳಲ್ಲಿ ಇಟ್ಟು, ತರಕಾರಿಯನ್ನ 6 ತಿಂಗಳೊಳಗೆ ಮುಗಿಸಿ. ಉಪ್ಪು ಹಾಕಿದ ಪದಾರ್ಥಕ್ಕೆ ಮಳೆಗಾಲದಲ್ಲಿ ಇನ್ನೂ ಎಚ್ಚರ. ಗಾಳಿಯ ತೇವ ಶೇ. 75 ದಾಟಿದ್ರೆ ಉಪ್ಪು ತಾನೇ ನೀರು ಎಳ್ಕೊಳ್ಳುತ್ತೆ.

ಕೊನೆಯದಾಗಿ, ಇದನ್ನ ಮನೇಲಿ ದೊಡ್ಡವರಿಗೂ ಹೇಳಿ. ಬೂಷ್ಟು ಬಂದಿದ್ದನ್ನ ಬಟ್ಟೇಲಿ ಒರೆಸಿ, ಮತ್ತೆ ಬಿಸಿಲಿಗಿಟ್ಟು ತಿನ್ನೋದು ಬೇಡ. ಕೆಲವು ಬೂಷ್ಟು ವಿಷ ಬಿಡುತ್ತೆ. ಶೇಂಗಾ, ಒಣಮೆಣಸಿನಕಾಯಲ್ಲಿ ಬರೋ ಅಫ್ಲಾಟಾಕ್ಸಿನ್ ಅಂಥದ್ದೇ. ಅದು ಲಿವರ್‌ಗೆ ಕೆಟ್ಟದ್ದು, ಹುರಿದ್ರೂ ಕರಿದ್ರೂ ಪೂರ್ತಿ ಹೋಗಲ್ಲ. ಒಂದು ಬಾಟಲಿ ಎಸೆದ್ರೆ 66 ರೂಪಾಯಿ ನಷ್ಟ, ಅಷ್ಟೇ. ಎಸೆದುಬಿಡಿ.

ನಿಮ್ಮ ಮನೇಲಿ ಏನು ಒಣಗಿಸ್ತೀರಿ, ಎಷ್ಟು ಹಾಕಿದ್ರೆ ಎಷ್ಟು ಉಳೀತು, ತೂಕದ ಸಮೇತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.