ಬಂಡೆಯ ಒಡಲಲ್ಲಿ ಏನಿದೆ?

ಪುರವರದಿಂದ ಮಧುಗಿರಿಗೆ ಹೋದವರಿಗೆಲ್ಲ ಅಲ್ಲಿನ ಏಕಶಿಲೆಯ ಬೆಟ್ಟ ಚಿರಪರಿಚಿತ. ಅದರ ಚೂರೊಂದನ್ನು ಒಡೆಯುತ್ತ ಹೋದರೆ ಕಟ್ಟಕಡೆಗೆ ಉಳಿಯುವುದೇನು?

ಕಲ್ಲಿನಲ್ಲಿ ಹೊಳೆಯುವ ಬೆಣಚು ಹರಳು ಸಿಲಿಕನ್ ಮತ್ತು ಆಮ್ಲಜನಕದ ಪರಮಾಣುಗಳಿಂದಾದುದು. ಒಂದು ಸೆಂಟಿಮೀಟರ್ ಉದ್ದದಲ್ಲಿ ಇಂತಹ ಕೆಲವು ಕೋಟಿ ಪರಮಾಣುಗಳನ್ನು ಸಾಲಾಗಿ ನಿಲ್ಲಿಸಬಹುದು. ಪರಮಾಣುವಿನ ನಡುವೆ ಅತಿಸೂಕ್ಷ್ಮವಾದ ಬೀಜವಿದೆಯೆಂದು ರುದರ್‌ಫರ್ಡ್ 1911ರಲ್ಲಿ ತೋರಿಸಿದನು. ಬೀಜದಲ್ಲಿರುವುವು ಪ್ರೋಟಾನು, ನ್ಯೂಟ್ರಾನುಗಳು. ಅದರ ಹೊರಗಿರುವುವು ಎಲೆಕ್ಟ್ರಾನುಗಳು. ಪ್ರೋಟಾನೂ ಕ್ವಾರ್ಕುಗಳೆಂಬ ಕಣಗಳಿಂದಾದುದೆಂದು 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಸೂಚಿಸಿದರು. ಎಲೆಕ್ಟ್ರಾನು, ಕ್ವಾರ್ಕುಗಳ ಒಳಗೆ ಮತ್ತಾವ ರಚನೆಯೂ ಇದುವರೆಗೆ ಕಂಡುಬಂದಿಲ್ಲ.

ಹಾಗಾದರೆ ಪ್ರೋಟಾನು ಶಾಶ್ವತವೇ? ಅದೂ ಎಂದಾದರೊಂದು ದಿನ ನಶಿಸಬಹುದೆಂದು 1970ರ ದಶಕದ ಕೆಲವು ಸಿದ್ಧಾಂತಗಳು ನುಡಿದುವು. ನಿಜವಾದರೆ ಬೆಟ್ಟವೂ ನಾವೂ ನಶ್ವರರೇ! ಇದನ್ನು ಪರೀಕ್ಷಿಸಿದ ಮೊದಲಿಗರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಸುಳಿವು 1965ರಲ್ಲಿಯೇ ಅಲ್ಲಿ ದೊರೆತಿದ್ದಿತು. 1980ರಲ್ಲಿ ಸುಮಾರು 2300 ಮೀಟರ್ ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಶೋಧಕವು ಕಾವಲು ಕುಳಿತಿತು. ಒಂದೇ ಪ್ರೋಟಾನನ್ನು ಯುಗಯುಗ ಕಾಯುವ ಬದಲು ಅಸಂಖ್ಯ ಪ್ರೋಟಾನುಗಳನ್ನು ಕೆಲವು ವರ್ಷ ಕಾಯುವುದೇ ಇಲ್ಲಿನ ಉಪಾಯ. ಮೇಲಿನ ಬಂಡೆಯು ವಿಶ್ವಕಿರಣಗಳ ಗದ್ದಲವನ್ನು ತಡೆಯುತ್ತಿದ್ದಿತು.

ಸಂದೇಹಾಸ್ಪದವಾದ ಕೆಲವು ಗುರುತುಗಳು ಕಂಡುವು; ಬೇರೆಡೆಯ ದೊಡ್ಡ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆಯ ಪ್ರಕಾರ, ಪ್ರೋಟಾನು ನಶಿಸಬಹುದಾದ ಒಂದು ಮುಖ್ಯ ಮಾರ್ಗದಲ್ಲಿ ಅದರ ಆಯುಷ್ಯ 1ರ ಮುಂದೆ 34 ಸೊನ್ನೆಗಳಷ್ಟು ವರ್ಷಗಳಿಗೂ ಅಧಿಕ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದು ಕೇಳಿದ ಪ್ರಶ್ನೆ ಮಾತ್ರ ಇನ್ನೂ ತೆರೆದೇ ಇದೆ.