ಬಾರದ ರೈಲು ಉಳಿಸಿದ ಮನೆಗಳು

ಅಮೆರಿಕದ ವಾಯವ್ಯ ತುದಿಯಲ್ಲಿ, ವಾಷಿಂಗ್ಟನ್ ರಾಜ್ಯದ ಕಡಲಂಚಿನಲ್ಲಿ, ಪೋರ್ಟ್ ಟೌನ್‌ಸೆಂಡ್ ಎಂಬ ಪುಟ್ಟ ಊರಿದೆ. 2020ರ ಗಣತಿಯಂತೆ ಅಲ್ಲಿನ ಜನಸಂಖ್ಯೆ ಹತ್ತು ಸಾವಿರಕ್ಕೆ ತುಸು ಮಿಗಿಲು. ಆದರೆ ದಿಬ್ಬದ ಮೇಲೆ ಸಾಲಾಗಿ ನಿಂತ ಅದರ ಮರದ ಮನೆಗಳನ್ನು ಕಂಡವರು ಇದನ್ನೊಂದು ಮಹಾನಗರದ ಬಡಾವಣೆಯೆಂದೇ ಭ್ರಮಿಸಿಯಾರು. ಮಹಾನಗರವಾಗುವ ಆಸೆಯಿಂದಲೇ ಆ ಜನ ಅವನ್ನು ಕಟ್ಟಿದ್ದು. ಬ್ರಿಟಿಷ್ ದೊರೆತನವನ್ನು ಕಿತ್ತೊಗೆದ ನಾಡು ತನ್ನ ಚೆಲುವಾದ ಮನೆಗಳನ್ನು ಮಾತ್ರ ವಿಕ್ಟೋರಿಯಾ ರಾಣಿಯ ಹೆಸರಿನಿಂದಲೇ ಕರೆಯುತ್ತದೆ!

1851ರಲ್ಲಿ ನೆಲೆಗೊಂಡ ಈ ಊರು ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿಗೆ ಬರುವ ಹಡಗುಗಳ ಸುಂಕದ ಠಾಣೆಯಾಗಿತ್ತು. ಕೆಳಗಿನ ವಾಟರ್ ಬೀದಿಯಲ್ಲಿ ವ್ಯಾಪಾರ, ಹೆಂಡದಂಗಡಿ, ನಾವಿಕರ ಗದ್ದಲ. ಆದುದರಿಂದ ಸಂಸಾರವಂದಿಗರು ದಿಬ್ಬವೇರಿದರು. ಹೆಂಗಸರು ಮಕ್ಕಳು ಕೆಳಗಿಳಿಯದಂತೆ ಅಲ್ಲಿಯೂ ಅಂಗಡಿಸಾಲು ಹುಟ್ಟಿತು.

1880ರ ದಶಕದ ಕೊನೆಗೆ ಪೋರ್ಟ್‌ಲ್ಯಾಂಡಿನಿಂದ ರೈಲು ಬರುವುದೆಂಬ ಸುದ್ದಿ ಹಬ್ಬಿತು. ನಿವೇಶನಗಳ ಬೆಲೆ ಗಗನಕ್ಕೇರಿತು. ಜಾರ್ಜ್ ಸ್ಟಾರೆಟ್ ಎಂಬ ಗುತ್ತಿಗೆದಾರನು 1889ರಲ್ಲಿ ತನ್ನ ಮಡದಿ ಆನ್‌ಗಾಗಿ ಕಟ್ಟಿಸಿದ ಮನೆ ಆ ಉತ್ಸಾಹದ ಕನ್ನಡಿ. ಅದರ ಗೋಪುರದೊಳಗೆ ನಡುಗಂಬದ ಆಸರೆಯಿಲ್ಲದೆ ಸುರುಳಿ ಮೆಟ್ಟಿಲುಗಳು ಮೇಲೇರುತ್ತವೆ. ಗುಮ್ಮಟದ ಒಳಮೈಯಲ್ಲಿ ನಾಲ್ಕು ಋತುಗಳ ಚಿತ್ರಗಳಿವೆ. ಋತು ಬದಲಾಗುವ ದಿನ ಕಿರುಗಿಟಕಿಯ ಕೆಂಪುಗಾಜನ್ನು ಹಾಯ್ದ ಬಿಸಿಲು ಆಯಾ ಋತುವಿನ ಚಿತ್ರದತ್ತ ಕೈತೋರುತ್ತದೆ. ಮನೆಯ ಸೂರಿನಲ್ಲೇ ಪಂಚಾಂಗ!

ಪಂಚಾಂಗವೇನೋ ತಪ್ಪಲಿಲ್ಲ, ರೈಲು ತಪ್ಪಿತು. 1890ರಲ್ಲಿ ರೈಲುದಾರಿ ಹಾಕುತ್ತಿದ್ದ ಕಂಪನಿ ದಿವಾಳಿಯಾಯಿತು. ಕ್ವಿಲ್ಸೀನ್‌ವರೆಗೆ ಹಾಸಿದ್ದ ಹಳಿ ಅಲ್ಲಿಗೇ ನಿಂತಿತು. 1893ರ ಆರ್ಥಿಕ ಕುಸಿತ ಉಳಿದ ಆಸೆಯನ್ನೂ ಅಳಿಸಿತು. ಜನ ಊರು ಬಿಟ್ಟರು, ಮನೆಗಳಿಗೆ ಬೀಗ ಬಿತ್ತು.

ರೈಲು ಬಂದು ಬೆಳೆದ ನಗರಗಳಲ್ಲಿ ಇಂತಹ ಎಷ್ಟೋ ಮನೆಗಳನ್ನು ಕೆಡವಿ ಹೊಸ ಕಟ್ಟಡಗಳನ್ನೆಬ್ಬಿಸಿದರು. ಇಲ್ಲಿ ಹೊಸದನ್ನು ಕಟ್ಟಲು ಹಣವೂ ಇರಲಿಲ್ಲ, ಕಟ್ಟಬೇಕಾದ ಕಾರಣವೂ ಇರಲಿಲ್ಲ. ಬಡತನವೇ ಕಾವಲುಗಾರನಾಯಿತು. 1927ರ ಕಾಗದದ ಗಿರಣಿ ಊರಿಗೆ ಅನ್ನವಿತ್ತಿತು, ಅಷ್ಟೆ. 1970ರ ದಶಕದಲ್ಲಿ ಅಗ್ಗದ ಮನೆಗಳನ್ನರಸಿ ಬಂದ ಕಲಾವಿದರೂ ತರುಣರೂ ಬಣ್ಣ ಬಳಿದು, ಹಲಗೆ ಬದಲಿಸಿ ಅವಕ್ಕೆ ಮರುಜೀವ ಕೊಟ್ಟರು. 1977ರಲ್ಲಿ ಈ ಪ್ರದೇಶ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತೆಂಬ ಮನ್ನಣೆ ಪಡೆಯಿತು.

ಮನ್ನಣೆಯ ಹಿಂದೆಯೇ ಪ್ರವಾಸಿಗಳೂ ನಿವೃತ್ತ ಶ್ರೀಮಂತರೂ ಬಂದರು. ಒಮ್ಮೆ ಕೊಳ್ಳುವವರೇ ಇಲ್ಲದ ದಿಬ್ಬದ ಮನೆಗಳು ಇಂದು ಆ ಊರಿನಲ್ಲೇ ದುಡಿದು ಬಾಳುವ ಅನೇಕರ ಕೈಗೆ ಎಟುಕುವುದಿಲ್ಲ.