ಚಾರ್ಟರ್ಡ್ ಎಂಜಿನಿಯರರ ಸಹಿ ಮತ್ತು ಅದರ ಹಿಂದಿರುವ ಸಂಸ್ಥೆ

ಹೊರದೇಶದಿಂದ ಬಳಸಿದ ಯಂತ್ರವೊಂದನ್ನು ತರಿಸುವ ಸಣ್ಣ ಉದ್ದಿಮೆದಾರರ ಕಡತದಲ್ಲಿ ಇನ್‌ವಾಯ್ಸ್, ಬಿಲ್ ಆಫ್ ಎಂಟ್ರಿ ಮತ್ತು ವಿಮಾ ಪತ್ರಗಳ ಜೊತೆಗೆ ಚಾರ್ಟರ್ಡ್ ಎಂಜಿನಿಯರರ ಪ್ರಮಾಣಪತ್ರವೂ ಇರುತ್ತದೆ. ಕಸ್ಟಮ್ಸ್ ಅಧಿಕಾರಿಗಳು ಯಂತ್ರದ ಮೌಲ್ಯವನ್ನು ನಿರ್ಧರಿಸುವಾಗ ಈ ಪತ್ರವನ್ನು ಮುಖ್ಯ ಆಧಾರವಾಗಿ ನೋಡುತ್ತಾರೆ. ಆದರೆ ಈ ಸಹಿ ಮಾಡುವವರು ಯಾರು, ಅವರಿಗೆ ಆ ಬಿರುದನ್ನು ಕೊಟ್ಟವರು ಯಾರು ಎಂಬುದನ್ನು ವಿಚಾರಿಸುವ ಉದ್ದಿಮೆದಾರರು ವಿರಳ. ಏಜೆಂಟರು ತಂದುಕೊಟ್ಟ ಕಾಗದವನ್ನು ಕಡತಕ್ಕೆ ಸೇರಿಸುವುದೇ ರೂಢಿಯಾಗಿದೆ.

ದೇಶದಲ್ಲಿ ಈ ಬಿರುದನ್ನು ನೀಡುವ ಸಂಸ್ಥೆಗಳಲ್ಲಿ ಪ್ರಮುಖವಾದುದು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಇಂಡಿಯಾ. 1916ರಿಂದ 1918ರವರೆಗೆ ಕಾರ್ಯನಿರ್ವಹಿಸಿದ ಭಾರತೀಯ ಕೈಗಾರಿಕಾ ಆಯೋಗದ ವಿಚಾರಣೆಯ ಫಲವಾಗಿ ಹುಟ್ಟಿದ ಈ ಸಂಸ್ಥೆಯು 1920ರಲ್ಲಿ ಮದರಾಸಿನಲ್ಲಿ ನೋಂದಣಿಯಾಯಿತು. ಆಯೋಗದ ಅಧ್ಯಕ್ಷರಾಗಿದ್ದ ಸರ್ ಥಾಮಸ್ ಹಾಲೆಂಡ್ ಅವರೇ ಇದರ ಮೊದಲ ಅಧ್ಯಕ್ಷರಾದರು. 1935ರಲ್ಲಿ ರಾಜಸನ್ನದು ದೊರೆಯಿತು. ‘ಚಾರ್ಟರ್ಡ್’ ಎಂಬ ಮಾತಿನ ಮೂಲ ಆ ಸನ್ನದಿನಲ್ಲಿಯೇ ಇದೆ. ಕೇಂದ್ರ ಕಚೇರಿ ಕೋಲ್ಕತ್ತದ ಗೋಖಲೆ ರಸ್ತೆಯಲ್ಲಿದೆ. ಕರ್ನಾಟಕ ರಾಜ್ಯ ಕೇಂದ್ರ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಸಂಸ್ಥೆಯು 1968ರಿಂದ ಎಂಜಿನಿಯರುಗಳ ದಿನವಾಗಿ ಆಚರಿಸುತ್ತಿದೆ. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದವರೂ ಅದೇ ವಿಶ್ವೇಶ್ವರಯ್ಯನವರೇ. ಎಂಜಿನಿಯರುಗಳೂ ವರ್ತಕರೂ ಒಬ್ಬರೇ ಹಿರಿಯರ ಭಾವಚಿತ್ರಕ್ಕೆ ಮಾಲೆ ಹಾಕುತ್ತಾರೆ. ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ಪ್ರಸಂಗಗಳು ಮಾತ್ರ ಇನ್ನೂ ಹೆಚ್ಚಬೇಕಾಗಿದೆ.

ಸಂಸ್ಥೆಯಲ್ಲಿ ಸದಸ್ಯತ್ವದ ಹಲವು ದರ್ಜೆಗಳಿವೆ. ಡಿಪ್ಲೊಮಾ ಪಡೆದವರಿಗೆ ಟೆಕ್ನಿಷಿಯನ್ ದರ್ಜೆ ಇದೆ. ಅದರ ಮೇಲೆ ವಿದ್ಯಾರ್ಹತೆ, ಅನುಭವ ಮತ್ತು ಹೊಣೆಗಾರಿಕೆಗೆ ತಕ್ಕಂತೆ ಅಸೋಸಿಯೇಟ್ ಮೆಂಬರ್, ಮೆಂಬರ್ ಮತ್ತು ಫೆಲೋ ದರ್ಜೆಗಳಿವೆ. ಈ ಮೇಲಿನ ಮೂರು ದರ್ಜೆಯವರೇ ಚಾರ್ಟರ್ಡ್ ಎಂಜಿನಿಯರ್ ಆಗಲು ಅರ್ಹರು. ಸದಸ್ಯರ ಜ್ಞಾನವನ್ನು ಹೊಸದಾಗಿ ಇಡಲು ಹದಿನೈದು ತಾಂತ್ರಿಕ ವಿಭಾಗಗಳ ಮೂಲಕ ವಿಚಾರ ಸಂಕಿರಣಗಳು ನಡೆಯುತ್ತವೆ. 1981ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಸ್ಟಾಫ್ ಕಾಲೇಜು ಉದ್ಯೋಗದಲ್ಲಿರುವವರಿಗೆ ಅಲ್ಪಾವಧಿ ತರಬೇತಿ ನೀಡುತ್ತದೆ. ಸಂಸ್ಥೆಯ ನಿಯತಕಾಲಿಕೆಗಳು ಐದು ಸರಣಿಗಳಲ್ಲಿ ಹೊರಬರುತ್ತವೆ; ಲೋಹ ಮತ್ತು ಗಣಿಗಾರಿಕೆಗೆ ಒಂದು, ರಾಸಾಯನಿಕ ಮತ್ತು ಜವಳಿಗೆ ಒಂದು, ಹೀಗೆ. ವಿದ್ಯಾರ್ಥಿಗಳ ಸಂಶೋಧನೆಗೆ ಧನಸಹಾಯವೂ ಯುವ ಎಂಜಿನಿಯರುಗಳಿಗೆ ಪ್ರಶಸ್ತಿಗಳೂ ಉಂಟು. ಅಂತರರಾಷ್ಟ್ರೀಯ ವೃತ್ತಿಪರ ಎಂಜಿನಿಯರುಗಳ ಒಪ್ಪಂದದಲ್ಲಿ ಭಾರತದ ಪರವಾಗಿ ಇರುವುದೂ ಇದೇ ಸಂಸ್ಥೆ.

ಇವೆಲ್ಲ ಸದಸ್ಯರಿಗೆ ಸಂಬಂಧಿಸಿದ ಮಾತಾಯಿತು. ಕಾರ್ಖಾನೆಯ ಮಾಲೀಕರಿಗೆ ಇದರಿಂದ ಆಗುವುದೇನು ಎಂಬುದು ತಿಳಿಯಬೇಕಾದರೆ ವಿದೇಶ ವ್ಯಾಪಾರದ ನಿಯಮಗಳನ್ನು ನೋಡಬೇಕು. ಇಪಿಸಿಜಿ ಯೋಜನೆಯಲ್ಲಿ ಸುಂಕವಿಲ್ಲದೆ ಯಂತ್ರ ತರಿಸಿಕೊಳ್ಳುವ ಉದ್ದಿಮೆದಾರರು ಉಳಿತಾಯವಾದ ಸುಂಕದ ಆರು ಪಟ್ಟು ಮೌಲ್ಯದ ರಫ್ತನ್ನು ಆರು ವರ್ಷಗಳಲ್ಲಿ ಮಾಡಿ ತೋರಿಸಬೇಕು. ಐದು ಲಕ್ಷ ರೂಪಾಯಿ ಸುಂಕ ಉಳಿದರೆ ಮೂವತ್ತು ಲಕ್ಷ ರೂಪಾಯಿಯ ರಫ್ತು. ಅದೂ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳ ಸರಾಸರಿ ರಫ್ತನ್ನು ಉಳಿಸಿಕೊಂಡು ಅದಕ್ಕಿಂತ ಹೆಚ್ಚಾಗಿ. ಆ ಯಂತ್ರಕ್ಕೂ ರಫ್ತಾಗುವ ಸರಕಿಗೂ ಇರುವ ಸಂಬಂಧವನ್ನು ಸ್ವತಂತ್ರ ಚಾರ್ಟರ್ಡ್ ಎಂಜಿನಿಯರರು ಅರ್ಜಿಯ ಹಂತದಲ್ಲಿಯೇ ದೃಢೀಕರಿಸಬೇಕು. ಇದನ್ನು ನೆಕ್ಸಸ್ ಪ್ರಮಾಣಪತ್ರವೆನ್ನುತ್ತಾರೆ. ಪಂಪಿನ ಬಿಡಿಭಾಗಗಳನ್ನು ರಫ್ತು ಮಾಡುವವರು ಅಳತೆ ಯಂತ್ರವೊಂದನ್ನು ತರಿಸಿದರೆ, ಆ ಯಂತ್ರವು ಉತ್ಪಾದನೆಯ ಯಾವ ಹಂತದಲ್ಲಿ ಏನು ಕೆಲಸ ಮಾಡುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ಯಂತ್ರವನ್ನು ಸ್ಥಾಪಿಸಿದ ಮೇಲೆ ಮತ್ತೊಂದು ಪ್ರಮಾಣಪತ್ರ ಬೇಕು. ಅದನ್ನು ಕಸ್ಟಮ್ಸ್ ಅಧಿಕಾರಿಗಳಿಂದಲಾದರೂ ಪಡೆಯಬಹುದು, ಸ್ವತಂತ್ರ ಚಾರ್ಟರ್ಡ್ ಎಂಜಿನಿಯರರಿಂದಲಾದರೂ ಪಡೆಯಬಹುದು, ಆಯ್ಕೆ ಉದ್ದಿಮೆದಾರರದು. ರಫ್ತು ಬಾಧ್ಯತೆ ಈಡೇರದಿದ್ದರೆ ಉಳಿಸಿದ ಸುಂಕವನ್ನು ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ವರ್ಷಗಳ ನಂತರ ಕಡತ ತೆರೆದಾಗ ನೆಕ್ಸಸ್ ಪತ್ರವು ಅಸ್ಪಷ್ಟವಾಗಿದ್ದರೆ ರಫ್ತು ಮಾಡಿಯೂ ವಿವರಣೆ ಕೊಡುತ್ತಾ ಕೂರುವ ಪ್ರಸಂಗ ಬರುತ್ತದೆ.

ಅಡ್ವಾನ್ಸ್ ಆಥರೈಸೇಷನ್ ಯೋಜನೆಯಲ್ಲಿ ನಿಗದಿತ ಮಾನದಂಡವಿಲ್ಲದ ಸರಕುಗಳಿಗೆ ಎಷ್ಟು ಕಚ್ಚಾವಸ್ತು ಬೇಕು, ಎಷ್ಟು ನಷ್ಟವಾಗುತ್ತದೆ ಎಂಬುದಕ್ಕೂ ಇಂಥದೇ ಪ್ರಮಾಣಪತ್ರ ಬೇಕು. ದುರಸ್ತಿ ಮಾಡಿದ ಬಿಡಿಭಾಗಗಳನ್ನು ಆಮದು ಮಾಡುವಾಗ ಅವುಗಳಲ್ಲಿ ಮೂಲ ಬಿಡಿಭಾಗದ ಆಯುಷ್ಯದ ಕನಿಷ್ಠ ಶೇ. 80ರಷ್ಟು ಉಳಿದಿದೆ ಎಂದು ದೃಢೀಕರಿಸಬೇಕಾಗುತ್ತದೆ. ಬಳಸಿದ ಯಂತ್ರಗಳ ವಿಷಯದಲ್ಲಿ ತಯಾರಾದ ವರ್ಷ, ಕ್ರಮಸಂಖ್ಯೆ, ಈಗಿನ ಸ್ಥಿತಿ, ಹೊಸದಾಗಿದ್ದಾಗಿನ ಬೆಲೆ, ಉಳಿದಿರುವ ಆಯುಷ್ಯ ಇವೆಲ್ಲವೂ ಪರಿಶೀಲನೆಗೆ ಬರುತ್ತವೆ.

ಇಷ್ಟು ಭಾರ ಹೊರುವ ಸಹಿಗೆ ಕಾನೂನಿನ ಬೆಂಬಲ ಎಷ್ಟಿದೆ ಎಂಬುದು ಯೋಚಿಸತಕ್ಕ ವಿಷಯ. ಲೆಕ್ಕಪರಿಶೋಧಕರಿಗೆ 1949ರ ಕಾಯಿದೆ ಇದೆ, ವಕೀಲರಿಗೆ 1961ರದು, ವಾಸ್ತುಶಿಲ್ಪಿಗಳಿಗೆ 1972ರದು. ಎಂಜಿನಿಯರುಗಳಿಗೆ ಅಂಥ ಕಾಯಿದೆಯನ್ನು ತರುವ ಮಾತು ದಶಕಗಳಿಂದ ನಡೆದಿದೆ. 2025ರಲ್ಲಿ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. ಹೀಗಿರುವಾಗ ಸಂಸ್ಥೆಯ ಸದಸ್ಯತ್ವ ಮತ್ತು ಅದರ ನೀತಿಸಂಹಿತೆಯೇ ಆ ಸಹಿಗೆ ಇರುವ ಆಧಾರ. ಆದ್ದರಿಂದ ಉದ್ದಿಮೆದಾರರು ಎಂಜಿನಿಯರರ ಸದಸ್ಯತ್ವ ಸಂಖ್ಯೆಯನ್ನೂ ಅವರ ತಾಂತ್ರಿಕ ವಿಭಾಗವನ್ನೂ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಸಿವಿಲ್ ವಿಭಾಗದವರು ನೇಯ್ಗೆ ಯಂತ್ರಕ್ಕೆ ಸಹಿ ಮಾಡಿದ ಪತ್ರವನ್ನು ಅಧಿಕಾರಿಗಳು ಪ್ರಶ್ನಿಸಿದರೆ ಆಶ್ಚರ್ಯವಿಲ್ಲ. ತಮ್ಮದೇ ಕಂಪನಿಯ ಪಾಲುದಾರರು ಅಥವಾ ನೌಕರರು ಎಷ್ಟೇ ಹಿರಿಯ ಎಂಜಿನಿಯರುಗಳಾಗಿದ್ದರೂ ‘ಸ್ವತಂತ್ರ’ ಎಂಬ ಮಾತಿಗೆ ಹೊಂದುವುದಿಲ್ಲ. ಯಂತ್ರವನ್ನು ನೋಡದೆ ಕೊಟ್ಟ ಪ್ರಮಾಣಪತ್ರವಂತೂ ಅಗ್ಗವೆಂದು ತೋರಿದರೂ ದುಬಾರಿಯೇ. ಸುಂಕದ ಹೊಣೆ ಕೊನೆಗೆ ನಿಲ್ಲುವುದು ಆಮದುದಾರರ ತಲೆಯ ಮೇಲೆ.

ಸಣ್ಣ ಕೈಗಾರಿಕೆಗಳಿಗೆ ಈ ಸಂಸ್ಥೆಯ ಪರಿಚಯವಾದುದು ಬಹುಮಟ್ಟಿಗೆ ಎಎಂಐಇ ಪರೀಕ್ಷೆಗಳ ಮೂಲಕ. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಓದಿದ ಡಿಪ್ಲೊಮಾದವರು ‘ಎ’ ಮತ್ತು ‘ಬಿ’ ವಿಭಾಗಗಳನ್ನು ಮುಗಿಸಿ ಪದವೀಧರರ ಸಮಾನರಾಗುತ್ತಿದ್ದರು. ಕೇಂದ್ರ ಸರ್ಕಾರದ ಆದೇಶದಂತೆ ಈ ಸಮಾನತೆಯ ಮಾನ್ಯತೆಯು 2013ರ ಮೇ 31ರವರೆಗೆ ನೋಂದಾಯಿಸಿದವರಿಗೆ ಸೀಮಿತವಾಯಿತು. ಅನಂತರ ನೋಂದಾಯಿಸಿದವರ ಸ್ಥಿತಿ ಬೇರೆ. ಮೇಲ್ವಿಚಾರಕರನ್ನು ನೇಮಿಸಿಕೊಳ್ಳುವ ಮಾಲೀಕರು ಪ್ರಮಾಣಪತ್ರದ ಮೇಲಿನ ಉತ್ತೀರ್ಣ ವರ್ಷವನ್ನಷ್ಟೇ ನೋಡದೆ ನೋಂದಣಿಯ ದಿನಾಂಕವನ್ನೂ ನೋಡಬೇಕು. ಸರಿಯಾದ ದಿನಾಂಕದೊಳಗೆ ಸೇರಿ ತಡವಾಗಿ ಮುಗಿಸಿದವರನ್ನು ತಿಳಿಯದೆ ತಿರಸ್ಕರಿಸಿದರೆ ಅನ್ಯಾಯವಾಗುತ್ತದೆ. ಈಗ ಶುಲ್ಕ ಕಟ್ಟಲು ಹೊರಟ ಯುವಕರಿಗೆ ಈ ವ್ಯತ್ಯಾಸವನ್ನು ತಿಳಿಸುವುದೂ ಮಾಲೀಕರಿಂದ ಆಗಬೇಕಾದ ಕೆಲಸ.

ಪರಿಶೀಲನೆಗೆ ಎಂಜಿನಿಯರರು ಬರುವ ದಿನಕ್ಕೆ ಖರೀದಿ ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಬಿಲ್ ಆಫ್ ಎಂಟ್ರಿ, ತಯಾರಕರ ಕೈಪಿಡಿ ಮತ್ತು ಉತ್ಪಾದನಾ ಹಂತಗಳ ನಕ್ಷೆಯನ್ನು ಸಿದ್ಧವಾಗಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಯಂತ್ರವನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಅದರ ನಾಮಫಲಕದ ಮೇಲೆ ಬಣ್ಣ ಬಳಿಯದಂತೆ ಕೆಲಸಗಾರರಿಗೆ ಮೊದಲೇ ಹೇಳಿಡಬೇಕು. ಪರಿಶೀಲಕರು ಮೊದಲು ಹುಡುಕುವುದು ಅಲ್ಲಿರುವ ಕ್ರಮಸಂಖ್ಯೆಯನ್ನೇ.